ಕಚೇರಿಯ ಮಾತು, ರಂಗೂನಿನ ಅಕ್ಕಿ

ನನ್ನ ಗಂಡ ಶಿರಸಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಪಿಂಚಣಿಯಾದ ಮೇಲೆ ಸಿದ್ದಾಪುರಕ್ಕೆ ಬಂದು ನೆಲೆಸಿದೆವು. ಇವರು ಕುರ್ಚಿ ಬಿಟ್ಟರೂ ಕಚೇರಿ ಇವರನ್ನು ಬಿಡಲಿಲ್ಲ. ಅಲ್ಲಿ ಕಂಡದ್ದು ಕೇಳಿದ್ದು ಯಾವುದನ್ನೂ ಸಾಯುವವರೆಗೆ ಹೊರಗೆ ಆಡುವುದಿಲ್ಲವೆಂದು ಸಾಹೇಬರ ಕೈಯಿಂದ ವೀಳ್ಯ ಹಿಡಿದು ಬಂದಿದ್ದರು. ವೀಳ್ಯ ಹಿಡಿದು ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ.

ಇವರಿನ್ನೂ ಕಚೇರಿಯಲ್ಲಿದ್ದಾಗ ಚಳಿಜ್ವರ ಮನೆಮನೆಯನ್ನೂ ನುಂಗುತ್ತಿತ್ತು. ದುಡಿಯುವ ಗಂಡಸು ಸತ್ತ ಮನೆಗೆ ಸರ್ಕಾರ ಬರ್ಮಾದಿಂದ ಹಡಗಿನಲ್ಲಿ ಬರುವ ರಂಗೂನ್ ಅಕ್ಕಿ ಕೊಡುತ್ತಿತ್ತು. ಮುಂದೆ ನಮ್ಮಲ್ಲಿ ಕೆಲಸಕ್ಕೆ ಬರತೊಡಗಿದ ಕಾನಸೂರಿನ ವಿಧವೆಯೊಬ್ಬಳು ಒಂದೇ ಸಲ ಅದನ್ನು ತಂದಿದ್ದಳು. ಅವಳ ಹೆಸರಿನಲ್ಲಿ ಮತ್ತೆ ಮತ್ತೆ ಎತ್ತಿ ತಿಂದವನು ಊರ ಪಟೇಲ. ಇದೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ, ಸಾಯುವಾಗ ಅವನೇ ಒಪ್ಪಿಕೊಂಡ. ಅಕ್ಕಿ ಹೋದ ಕಾಲದಲ್ಲಿ ಮಾತ್ರ ಕಚೇರಿಯಲ್ಲಿ, ಇವರ ಕಣ್ಣೆದುರೇ, ವಿಚಾರಣೆಯಾಗಿ ಒಳಗೊಳಗೇ ಮುಚ್ಚಿಹೋಯಿತು. ಲೆಕ್ಕದ ಪುಸ್ತಕದಲ್ಲಿದ್ದದ್ದು ಇವಳ ಹೆಸರಾದ್ದರಿಂದ ಕಳ್ಳಿ ಎಂಬ ಹೆಸರು ಇವಳಿಗೆ ಬಂತು. ಮಂಚಿಕೇರಿಯಿಂದ ಇವಳ ಮಗಳಿಗೆ ಕೂಡಿಬಂದಿದ್ದ ಸಂಬಂಧ ಅಲ್ಲಾಡತೊಡಗಿತು. ಕಚೇರಿಯಲ್ಲಿದ್ದ ರಾಯರು ಇವಳು ಕದ್ದಿಲ್ಲವೆಂದು ಒಂದು ಮಾತು ಹೇಳಿದರೆ ಸಾಕು ಎಂದು ಗಂಡಿನ ತಂದೆ ನಮ್ಮ ಇವರಿಗೆ ಹೇಳಿಕಳಿಸಿದ. ಅವಳೂ ಬಂದು ಕೈಮುಗಿದಳು. ಇವರು ತುಟಿ ಬಿಚ್ಚಲಿಲ್ಲ.

"ನಿಂಗಕ್ಕೆ ಗೊತ್ತಿದ್ದು! ಹೇಳಲೆ ಎಂತ ಧಾಡಿ?" ಎಂದು ನಾನು ಹರಿಹಾಯ್ದೆ.

"ಕಚೇರಿ ಮಾತು. ಆನು ಹೇಳ್ತ್ನಿಲ್ಲೆ," ಎಂದು ಊಟ ಬಿಟ್ಟು ಎದ್ದರು.

ಸಂಕಟ ಅವರಿಗೂ ಇತ್ತು. ಅದನ್ನು ತಾಳಲಾರದೆ, ನನಗೂ ಹೇಳದೆ, ಪೇಟೆಯ ಸಾಬರ ಗಾಡಿಯಲ್ಲಿ ಅವಳ ಮನೆಗೆ ಒಂದು ಚೀಲ ಅಕ್ಕಿ ಕೊಂಡು ಕಳಿಸಿದರು. ಅಯ್ಯೋ ದೇವರೇ, ಕಳಿಸಿದ್ದಾದರೂ ಯಾವ ಅಕ್ಕಿ? ರಂಗೂನಿನದು! ಹಳ್ಳಿಯ ಕಡೆ ಅದನ್ನು ದುಡ್ಡು ಕೊಟ್ಟು ಯಾರು ತರುತ್ತಾರೆ? ಅದು ಒಲೆಯ ಮೇಲೆ ಬೆಂದರೆ ಸರ್ಕಾರದ್ದೇ ಎಂದು ಎಲ್ಲರ ಲೆಕ್ಕ. ಜನ್ಮವಿಡೀ ಕಚೇರಿಯಲ್ಲಿ ಕೂತವರಿಗೆ ಅಷ್ಟೂ ಹೊಳೆಯಬಾರದೇ? ಇನ್ನೂ ಎತ್ತುತ್ತಿದ್ದಾಳೆ ನೋಡಿ ಎಂದು ಊರು ಆಡಿಕೊಂಡಿತು. ಮಂಚಿಕೇರಿಯವರು ಬೇರೆ ಹೆಣ್ಣು ನೋಡಿದರು.

ಅವಳು ಆ ಚೀಲವನ್ನು ಹೊತ್ತುಕೊಂಡೇ ಬಂದು ನಮ್ಮ ಅಂಗಳದಲ್ಲಿ ಇಳಿಸಿದಳು. ಅಳಲಿಲ್ಲ, ಬಯ್ಯಲಿಲ್ಲ.

"ಅಕ್ಕಿ ಎಂತಕ್ಕೆ ಕಳಿಸಿದ್ರಿ ಒಡೆಯಾ? ನಾ ಕೇಳಿದ್ದು ಒಂದು ಮಾತು."

ಇವರು ತಲೆ ತಗ್ಗಿಸಿ ಕೂತಿದ್ದರು. ಈಗಲಾದರೂ ಹೇಳಿ ಎಂದು ನಾನು ಹೊಸ್ತಿಲಲ್ಲಿ ನಿಂತು ಕಾದೆ. ಅವಳೂ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಅವಳು ಬೇಲಿ ದಾಟಿ ಮರೆಯಾದ ಮೇಲೆ ಇವರು ಬಾಯಿ ಬಿಟ್ಟರು. "ಆ ಹೆಂಗಸು ಕದ್ದಿದ್ದಿಲ್ಲೆ," ಎಂದರು. ಕೇಳಿದವಳು ನಾನೊಬ್ಬಳೇ. ನನ್ನೆದುರು ಹೇಳಿ ಏನು ಬಂತು!