ತುರುಬು ನಿಂತ ಸಂಜೆ

ಅವರೆಕಾಳು ಹಿತಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ ಕಾಳು ದಪ್ಪಗೆ ಊದಿಕೊಂಡಿತ್ತು. ಎರಡು ಬೆರಳ ಮಧ್ಯೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಈ ಕೆಲಸಕ್ಕೆ ಮನಸ್ಸು ಬೇಕಿಲ್ಲ, ಬೆರಳು ಸಾಕು. ಅದಕ್ಕೇ ಅವತ್ತು ಅದನ್ನು ಹಿಡಿದು ಕೂತಿದ್ದು. ನನಗಾಗ ಐದನೇ ತಿಂಗಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಎರಡು ದಿನದಿಂದ ಹೊಟ್ಟೆಯೊಳಗೆ ಅಲುಗಾಟವಿರಲಿಲ್ಲ. ಸ್ಕ್ಯಾನಿಂಗ್ ಮಾಡಿದಾಕೆ ಬಾಯಿ ಬಿಡಲಿಲ್ಲ, ಡಾಕ್ಟರನ್ನೇ ಕೇಳಿ ಅಂದಳು. ನಮ್ಮ ಯಜಮಾನರು ಫ್ಯಾಕ್ಟರಿಗೆ ಅರ್ಧ ದಿನ ರಜೆ ಹೇಳಿ ಆ ರಿಪೋರ್ಟು ಹಿಡಿದು ಡಾಕ್ಟರಮ್ಮನ ಹತ್ತಿರ ಹೋಗಿದ್ದರು.

ಬಾಗಿಲು ತೆರೆದೇ ಇತ್ತು. ಬೂಟು ಬಿಚ್ಚದೆ ಒಳಗೆ ಬಂದರು. ನಮ್ಮ ಮನೆಯಲ್ಲಿ ಚಪ್ಪಲಿ ಹೊಸಿಲು ದಾಟಿದ್ದೇ ಇಲ್ಲ. ಅದನ್ನು ನೋಡಿದಾಗಲೇ ನನಗೆ ತಿಳಿಯಿತು.

"ಏನಂದ್ರು?" ಅಂದೆ.

"ಎದೆ ಬಡ್ಕೊಳ್ತಿಲ್ವಂತೆ ಕಣೆ," ಅಂದರು. "ಇವತ್ತೇ ಸೇರಿಸ್ಬೇಕಂತೆ."

ನಾನು ಹಿತಕುವುದನ್ನು ನಿಲ್ಲಿಸಲಿಲ್ಲ. ಕಾಳು ಇನ್ನೂ ಸ್ವಲ್ಪ ಉಳಿದಿತ್ತು. ಅವರು ಬೂಟಿನಲ್ಲೇ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಕಾಳು ತೆಗೆದುಕೊಂಡರು. ಅವರಿಗೆ ಹಿತಕಲು ಬರುವುದಿಲ್ಲ, ಬೇಳೆ ನಜ್ಜುಗುಜ್ಜಾಗುತ್ತಿತ್ತು. ಇಬ್ಬರೂ ಸೇರಿ ಪಾತ್ರೆ ಮುಗಿಸಿದೆವು. ಮೇಲಿನ ಮನೆಯ ಓನರಮ್ಮನ ಕೈಗೆ ಆ ಬೇಳೆ ಕೊಟ್ಟು, ಹಾಳಾಗುವ ಮುಂಚೆ ಸಾರು ಮಾಡಿಕೊಳ್ಳಿ ಅಂತ ಹೇಳಿ ಆಸ್ಪತ್ರೆಗೆ ಹೊರಟೆ. ಫೋನು ಮಾಡಿ ಹೇಳದೆ ಅವರೇ ಬಂದು ಎದುರಿಗೆ ಕೂತು ಹೇಳಿದರಲ್ಲ, ಅದು ದೊಡ್ಡದು ಅಂತ ಆಮೇಲೆ ಅನ್ನಿಸಿದ್ದುಂಟು. ಆಗ ಏನೂ ಅನ್ನಿಸಲಿಲ್ಲ.

ಆಸ್ಪತ್ರೆಯದನ್ನು ಬರೆಯುವುದಿಲ್ಲ. ತೆಲುಗು ಮಾತಾಡುವ ಒಬ್ಬ ನರ್ಸಮ್ಮ ನನ್ನ ಕಾಲಿನ ಮೇಲೆ ಇನ್ನೊಂದು ದುಪ್ಪಟಿ ಹೊದಿಸಿ, ಕಿಟಕಿಯ ಕಡೆಗೆ ನನ್ನ ಮುಖ ತಿರುಗಿಸಿ, "ಅಟು ಚೂಡಮ್ಮಾ," ಆ ಕಡೆ ನೋಡು ಅಂದಳು. ಆ ಕಡೆ ಒಂದು ಹೊಂಗೆ ಮರ ಇತ್ತು. ಅಷ್ಟು ಸಾಕು.

ತಾಯಿಯಿಲ್ಲದವಳು ನಾನು. ಗುಮ್ಮಳಾಪುರದಿಂದ ಅತ್ತೆ ಹೊಸೂರಿನ ನಮ್ಮ ಬಾಡಿಗೆ ಮನೆಗೆ ಬಂದರು, ಒಂದು ಚೀಲ ರಾಗಿಹಿಟ್ಟು, ಒಂದು ಗಂಟು ಸೊಗಡಿನ ಅವರೆಕಾಯಿ ಹೊತ್ತುಕೊಂಡು. ಅತ್ತೆ ಜೋರು ಹೆಂಗಸು, ಮಡಿ ಮೈಲಿಗೆಯಲ್ಲಿ ಬಲು ಕಟ್ಟುನಿಟ್ಟು. ಸೂತಕ ಕಳೆಯುವವರೆಗೆ ನಾನು ಒಲೆ ಮುಟ್ಟುವಂತಿಲ್ಲ, ದೇವರ ಗೂಡಿನ ಹತ್ತಿರ ಸುಳಿಯುವಂತಿಲ್ಲ ಅಂದರು. ಸುಳಿಯಬಾರದು ಅಂದದ್ದು ನನಗೆ ಹಾಯಾಗಿತ್ತು. ನಾನು ಬುದ್ಧಿ ಬಂದಾಗಿನಿಂದ, ಮುಟ್ಟಿನ ದಿನ ಬಿಟ್ಟರೆ, ದೀಪ ಹಚ್ಚದೆ ಸಂಜೆ ಕಳೆದವಳಲ್ಲ. ಜ್ವರ ಇದ್ದರೂ ಎದ್ದು ಹಚ್ಚಿ ಮತ್ತೆ ಮಲಗಿದ್ದೇನೆ. ಆದರೆ ಈಗ ಆ ಗೂಡಿನ ಮುಂದೆ ನಿಂತು ಏನು ಹೇಳಲಿ? ಬೇಡುವುದಕ್ಕೆ ಏನೂ ಇರಲಿಲ್ಲ, ಬೈಯುವುದಕ್ಕೂ ಬಾಯಿ ಬರಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗೆ, ಎಲ್ಲಿ ಮುಟ್ಟಿದರೂ ಬೇರೆ ಯಾರದೋ ಮೈ.

ಸೂತಕ ಕಳೆಯಿತು. ತಲೆಗೆ ನೀರು ಹಾಕಿಸಿ, ಮನೆಗೆಲ್ಲ ಗಂಜಲ ಚಿಮುಕಿಸಿ, "ಇವತ್ತಿಂದ ನೀನೇ ದೀಪ ಹಚ್ಚಮ್ಮಿ" ಅಂದರು ಅತ್ತೆ.

"ಕೂದ್ಲು ಬಿಚ್ಚಿದೀನಿ ಅತ್ತೆ, ಒಣಗಿಲ್ಲ," ಅಂದೆ.

ನಮ್ಮಲ್ಲಿ ಹೆಂಗಸರು ಕೂದಲು ಬಿಚ್ಚಿಕೊಂಡು ದೀಪ ಹಚ್ಚುವುದಿಲ್ಲ. ಕೆಟ್ಟ ಸುದ್ದಿ ಬಂದ ಮನೆಯಲ್ಲಿ ಮಾತ್ರ ತಲೆ ಬಿಟ್ಟುಕೊಂಡು ಇರುವುದು. ಅತ್ತೆ ತಾವೇ ಹಚ್ಚಿದರು. ಮಾರನೇ ದಿನವೂ ನಾನು ಕೂದಲು ಬಿಚ್ಚಿಕೊಂಡೇ ಇದ್ದೆ. ಅದರ ಮಾರನೇ ದಿನವೂ. ಕೈ ಮೇಲಕ್ಕೆ ಏಳುವುದಿಲ್ಲ, ತೋಳಿಗೆ ಶಕ್ತಿಯಿಲ್ಲ ಅನ್ನುತ್ತಿದ್ದೆ. ಸುಳ್ಳೇನಲ್ಲ. ಬಾಚಣಿಗೆ ಹಿಡಿದರೆ ಕೈ ಕಿವಿಯ ಹತ್ತಿರಕ್ಕೆ ಹೋಗಿ ನಿಂತುಬಿಡುತ್ತಿತ್ತು. ಆದರೆ ಕೂದಲು ಕಟ್ಟಿದರೆ ದೀಪ ಹಚ್ಚಬೇಕಾಗುತ್ತದೆ ಅನ್ನುವುದೂ ನನಗೆ ಗೊತ್ತಿತ್ತು.

"ಏನಮ್ಮಿ ಇದು, ಮಾರಮ್ಮ ಮೈಮೇಲೆ ಬಂದಂಗೆ," ಅನ್ನುತ್ತಿದ್ದರು ಅತ್ತೆ. ಬಾಚುತ್ತೀನಿ ಬಾ ಅಂದರೆ ನಾನು ಹೋಗುತ್ತಿರಲಿಲ್ಲ. ಅತ್ತೆಯ ಕೈ ಗಡುಸು ಅಂತ ನೆಪ.

ಓನರ್ ಮಗಳು ಕಾಲೇಜಿನ ಹುಡುಗಿ. ಅವರ ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಅರಳು ಹುರಿದ ಹಾಗೆ ಮಾತಾಡುವವಳು ಆ ದಿನಗಳಲ್ಲಿ ಮಾತ್ರ ನಮ್ಮ ಬಾಗಿಲಲ್ಲಿ ನಿಂತು ಹಾಗೇ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಒಳಗೆ ಬಂದು ನನ್ನ ಪಕ್ಕ ಕೂತಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

"ಅಕ್ಕಾ, ಇದು ಕೊಂಡೆ ಹಾಕೋದು. ಬಜಾರ್‌ನಲ್ಲಿ ಫ್ಯಾನ್ಸಿ ಸ್ಟೋರಿಗೆ ಹೊಸ್ದಾಗಿ ಬಂದಿದೆ. ನನ್ ಕೂದ್ಲು ಗಿಡ್ಡ, ನಿಲ್ತಾ ಇಲ್ಲ. ನಿಮ್ ತಲೆ ಮೇಲೆ ಟ್ರೈ ಮಾಡ್ಲಾ?"

ಒಂದು ಗೇಣಿಗಿಂತ ತುಸು ಉದ್ದದ ಪಟ್ಟಿ, ಮೇಲೆ ಕಪ್ಪು ಬಟ್ಟೆ, ಒಳಗೆ ಬಗ್ಗುವ ತಗಡು, ನಡುವೆ ಉದ್ದಕ್ಕೆ ಒಂದು ಸೀಳು. ಆ ಸೀಳಿನಲ್ಲಿ ಕೂದಲು ತೂರಿಸಿ, ತುದಿಯಿಂದ ಬುಡದವರೆಗೆ ಸುತ್ತಿಕೊಂಡು ಬಂದು, ಪಟ್ಟಿಯ ಎರಡು ಕೊನೆ ಬಗ್ಗಿಸಿದರೆ ತುರುಬು, ಅವಳ ಮಾತಿನಲ್ಲಿ ಕೊಂಡೆ. ಜೊತೆಗಿದ್ದ ರಟ್ಟಿನ ಮೇಲಿನ ಚಿತ್ರದಲ್ಲಿ ಒಬ್ಬಳು ಬಿಳೀ ಹೆಂಗಸು ನಗುತ್ತಿದ್ದಳು.

ಅವಳು ನನ್ನ ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು. ತುದಿಯಿಂದ ಶುರು ಮಾಡಿ, ಬುಡ ಗಟ್ಟಿಯಾಗಿ ಹಿಡಿದು ಬಿಡಿಸಿದಳು, ಒಂದು ಸಲವೂ ನೋಯಲಿಲ್ಲ. ಉದುರಿದ ಕೂದಲು ಉಂಡೆಯಾಗುವಷ್ಟು ಬಂತು. ಅತ್ತೆ ಅದನ್ನು ತೆಗೆದುಕೊಂಡು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿದರು. ಅತ್ತೆಯ ಊರಲ್ಲಿ ಕೂದಲು ತೆಗೆದುಕೊಂಡು ಪಿನ್ನು ಕೊಡುವವಳು ಇನ್ನೂ ಬರುತ್ತಿದ್ದಳು.

ಮೊದಲನೇ ಸಲ ಪಟ್ಟಿ ಜಾರಿ ನನ್ನ ಮಡಿಲಿಗೆ ಬಿತ್ತು. ಎರಡನೇ ಸಲ ತುರುಬು ಕಿವಿಯ ಮೇಲೆ ಹೋಗಿ ಕೂತಿತು.

"ಅದ್ಯಾಕವ್ವ ಅಷ್ಟು ಕಷ್ಟ ಪಡ್ತೀಯಾ? ನಮ್ ಕಾಲ್ದಾಗೆ ಕೈಯಾಗೇ ಸುತ್ತಿ ಗಂಟಾಕ್ತಿದ್ವಿ," ಅಂದರು ಅತ್ತೆ.

"ಪಾಟಿ, ನಿಮ್ ಕಾಲ್ದಲ್ಲಿ ಕರೆಂಟೂ ಇರ್ಲಿಲ್ಲ. ಈಗ ಫ್ಯಾನ್ ಬೇಡ್ವಾ?" ಅಂದಳು ಹುಡುಗಿ. ಅವಳ ತಮಿಳಿನಲ್ಲಿ ಅಜ್ಜಿಗೆ ಪಾಟಿ.

"ಈಗ್ಲೂ ಎಲ್ಲೈತೆ ಕರೆಂಟು ನಿಮ್ಮೂರಾಗೆ? ದಿನಾ ತೆಗೀತಾವ್ರೆ. ತತ್ತಾ ಇಲ್ಲಿ, ನನ್ಗೆ ಹಾಕು ನೋಡಾನ."

ಅತ್ತೆಯ ಬಿಳಿ ಕೂದಲು ಒಂದು ಹಿಡಿಯೂ ಇರಲಿಲ್ಲ. ಹುಡುಗಿ ಸುತ್ತಿದಳು. ಕೂದಲು ಎಲ್ಲಿ ಹೋಯಿತೋ, ಬರೀ ಕಪ್ಪು ಪಟ್ಟಿ ಚಕ್ಕುಲಿಯ ಹಾಗೆ ತಲೆಗೆ ಅಂಟಿತ್ತು. ಅತ್ತೆ ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡರು.

"ಥೂ, ಸಿಂಬಿ ಇಟ್ಕಂಡಂಗೈತೆ. ಒಂದು ಬಿಂದ್ಗೆ ಮಡಗಿದ್ರೆ ನೀರು ತಂದ್ಬುಡ್ತೀನಿ."

ಹುಡುಗಿ ಬಿದ್ದು ಬಿದ್ದು ನಕ್ಕಳು. ನನ್ನ ಬಾಯಿಯೂ ಸ್ವಲ್ಪ ಅಗಲವಾಯಿತು ಅಂತ ಕಾಣುತ್ತದೆ, ಅತ್ತೆ ನನ್ನ ಕಡೆ ನೋಡಿ ತಕ್ಷಣ ಬೇರೆ ಕಡೆ ತಿರುಗಿದರು. ಮೂರನೇ ಸಲ ಹುಡುಗಿ ನನ್ನ ಕೂದಲಿಗೆ ಸ್ವಲ್ಪ ನೀರು ಚಿಮುಕಿಸಿ, ಬಿಗಿಯಾಗಿ ಸುತ್ತಿ ಬಗ್ಗಿಸಿದಳು. ತುರುಬು ನಿಂತಿತು. ಎಷ್ಟೋ ದಿನದ ಮೇಲೆ ಕತ್ತಿನ ಹಿಂದೆ ಗಾಳಿ ತಾಗಿತು.

"ಮೇಲೆ ಬನ್ನಿ ಅಕ್ಕಾ, ಕಂಪ್ಯೂಟರ್‌ನಲ್ಲಿ ಒಂದು ಗೇಮ್ ತೋರಿಸ್ತೀನಿ. ಮನೆ ಕಟ್ಟೋ ಗೇಮು."

ಹೋಗು ಹೋಗು ಅಂತ ಅತ್ತೆಯೇ ಕಳಿಸಿದರು. ಮೆಟ್ಟಿಲು ನಿಧಾನಕ್ಕೆ ಹತ್ತಿದೆ.

ಅದೊಂದು ವಿಚಿತ್ರ ಆಟ. ಗೆಲ್ಲುವುದು ಸೋಲುವುದು ಇಲ್ಲ. ಒಬ್ಬ ಗಂಡು, ಒಬ್ಬಳು ಹೆಣ್ಣು ಮಾಡಿಕೊಳ್ಳಬೇಕು, ಅವರಿಗೆ ಮನೆ ಕಟ್ಟಬೇಕು, ಆಮೇಲೆ ಅವರು ಉಣ್ಣುವುದು, ಮಲಗುವುದು, ಮೀಯುವುದು, ಕೆಲಸಕ್ಕೆ ಹೋಗುವುದು ನೋಡುತ್ತಾ ಕೂರಬೇಕು. ಹಸಿವೆಷ್ಟು, ನಿದ್ದೆಯೆಷ್ಟು ಅಂತ ಕೆಳಗೆ ಗೆರೆಗಳು ಏರುತ್ತವೆ, ಇಳಿಯುತ್ತವೆ. ಅವರು ಆಡುವ ಮಾತು ಕನ್ನಡವಲ್ಲ, ತಮಿಳಲ್ಲ, ತೆಲುಗೂ ಅಲ್ಲ. ಇಂಗ್ಲಿಷಾ ಅಂತ ಕೇಳಿದೆ. ಅದೂ ಅಲ್ಲವಂತೆ, ಯಾರಿಗೂ ಅರ್ಥವಾಗದ ಭಾಷೆಯಂತೆ. ಎಲ್ಲ ಭಾಷೆಯವರೂ ಸೇರಿದ ಹೊಸೂರಿನಲ್ಲಿ ಅಂಥವರೂ ಬಂದು ಇರಬಹುದು ಅನ್ನಿಸಿತು.

ನಾನು ಮೊದಲು ಈಶಾನ್ಯದ ಮೂಲೆಗೆ ದೇವರ ಮನೆ ಕಟ್ಟಿಸಿದೆ.

"ಅಕ್ಕಾ, ಇದ್ರಲ್ಲಿ ಸಾಮಿ ಇಲ್ಲ."

"ಇಲ್ದೆ ಇದ್ರೆ ಇರ್ಲಿ. ರೂಮಿರ್ಲಿ."

ಅವಳು ಹುಡುಕಿ ಒಂದು ಮೇಜು, ಮೇಜಿನ ಮೇಲೆ ಒಂದು ದೀಪ ಇಟ್ಟಳು. ಪಾಯಿಖಾನೆಯನ್ನು ನಾನು ಹಿತ್ತಲಿಗೆ, ಕಾಂಪೌಂಡಿನ ಕೊನೆಗೆ ಹಾಕಿಸಿದೆ. ಒಳಗೆ ಎಲ್ಲಿಟ್ಟರೂ ದೇವರ ಮನೆಯ ಗೋಡೆಗೆ ತಾಗುತ್ತಿತ್ತು. ಅಡುಗೆ ಮನೆ ಆಗ್ನೇಯಕ್ಕೆ. ಹೆಂಗಸಿಗೆ ತುರುಬಿನ ತಲೆ ಆರಿಸಿದೆ.

ಆಟ ಓಡಿತು. ಆಟದ ಹೆಂಗಸು ಅಡುಗೆ ಮಾಡಿದಳು, ಉಂಡಳು, ತಟ್ಟೆ ನೆಲದ ಮೇಲೆ ಬಿಟ್ಟಳು. ಒಂದು ಗೆರೆ ಕೆಂಪಗಾಯಿತು. ಅವಳು ಕಾಲು ಕಾಲು ಬಡಿಯುತ್ತಾ ಹಿತ್ತಲಿಗೆ ಹೊರಟಳು. ಅಷ್ಟು ದೂರ ಹೋಗಲಾಗದೆ ಅಡುಗೆ ಮನೆಯ ಮಧ್ಯದಲ್ಲೇ ನಿಂತು ಒದ್ದೆ ಮಾಡಿಕೊಂಡು, ಮುಖ ಮುಚ್ಚಿಕೊಂಡು ಅತ್ತಳು.

"ಅಯ್ಯಯ್ಯೋ, ನೋಡಿ ಅಕ್ಕಾ! ಒಳಗೇ ಹಾಕ್ಬೇಕಿತ್ತು."

"ದೇವ್ರ ಮನೆ ಪಕ್ಕದಲ್ಲಾ?"

"ಸಾಮಿನೇ ಇಲ್ವಲ್ಲ ಅಲ್ಲಿ!"

ಆಟದ ಹೆಂಗಸು ಕಣ್ಣು ಒರೆಸಿಕೊಂಡು, ಬಟ್ಟೆ ಕೋಲು ತಂದು ನೆಲ ಒರೆಸಿದಳು. ಗಂಡ ಪಕ್ಕದ ಕೋಣೆಯಲ್ಲಿ ಟೀವಿ ನೋಡುತ್ತಿದ್ದ. ನಮ್ಮವರು ಹಾಗಲ್ಲ ಅಂದುಕೊಂಡೆ.

"ಆ ದೀಪದ ಮೇಲೆ ಒತ್ತಿ, ಹತ್ಕೊಳ್ಳುತ್ತೆ," ಅಂದಳು ಹುಡುಗಿ.

"ಆಮೇಲೆ," ಅಂದೆ.

ಆಟದಲ್ಲಿ ಸಂಜೆಯಾಯಿತು, ನಮ್ಮ ಕಿಟಕಿಯಾಚೆಯೂ ಬಿಸಿಲು ಇಳಿಯಿತು. ಆಟದ ಗಂಡ ಹೂವು ತಂದ. ಇಬ್ಬರೂ ತಬ್ಬಿಕೊಂಡರು. ಹುಡುಗಿ ನಾಚಿಕೊಂಡು ಬೇರೆ ಕಡೆ ನೋಡಿದಳು. ಆಗ ಪರದೆಯ ನಡುವೆ ಒಂದು ಚೌಕ ಎದ್ದಿತು, ಇಂಗ್ಲಿಷಿನಲ್ಲಿ ಬರೆದದ್ದು. ಅವಳು ತಿರುಗಿ ಓದಿ, ಮೌಸಿಗೆ ಕೈ ಚಾಚಿದಳು.

"ಏನು ಕೇಳ್ತದೆ?"

"ಏನಿಲ್ಲಕ್ಕಾ."

"ಹೇಳು."

"ಮಗು... ಮಾಡ್ಕೊಳ್ಳೋಣ್ವಾ ಅಂತ ಕೇಳ್ತಿದೆ. ಹೌದು, ಇಲ್ಲ, ಯಾವ್ದಾದ್ರೂ ಒತ್ಬೇಕು. ಇಲ್ಲ ಅಂತ ನಾನೇ ಒತ್ಬಿಡ್ತೀನಿ ಅಕ್ಕಾ, ಸಾರಿ."

"ಇರು," ಅಂದೆ.

ಮೌಸು ನನ್ನ ಕೈಯಲ್ಲೇ ಇತ್ತು. ಉತ್ತರ ಕೊಡುವವರೆಗೆ ಆಟದಲ್ಲಿ ಹೊತ್ತು ಸರಿಯುವುದಿಲ್ಲವಂತೆ. ಅವರಿಬ್ಬರೂ ನಿಂತ ಹಾಗೆ ನಿಂತಿದ್ದರು. ನಮ್ಮನ್ನು ಯಾರೂ ಹೀಗೆ ನಿಲ್ಲಿಸಿ ಕೇಳಲಿಲ್ಲವಲ್ಲ ಅನ್ನಿಸಿತು. ಅಷ್ಟು ವರ್ಷ ಕೊಡದೆ ಇದ್ದಾಗಲೂ ಕೇಳಲಿಲ್ಲ, ಕೊಟ್ಟಾಗಲೂ ಇಲ್ಲ, ತೆಗೆದುಕೊಂಡಾಗಲೂ ಇಲ್ಲ. ಹೀಗೆ ಅನ್ನಿಸಿದ್ದು ಕೋಪದಿಂದಲ್ಲ. ಮನೆ ಮುಂದೆ ಬಸ್ಸು ಹೋಯಿತು ಅನ್ನುವ ಹಾಗೆ ಅನ್ನಿಸಿತು, ಅಷ್ಟೆ.

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಫ್ಯಾನು ನಿಧಾನಕ್ಕೆ ನಿಂತಿತು.

"ಅಯ್ಯೋ, ಸೇವ್ ಮಾಡಿರ್ಲಿಲ್ಲ! ನಿಮ್ ಮನೆ ಹೋಯ್ತಕ್ಕಾ."

"ಹೋಗ್ಲಿ ಬಿಡು," ಅಂದೆ. ಯಾವುದನ್ನು ಒತ್ತುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಉತ್ತರ ಹೇಳುವ ಹಾಗೆ ಆಗಲಿಲ್ಲವಲ್ಲ, ಅದೊಂದು ಪುಣ್ಯ.

ಗೋಡೆ ಹಿಡಿದು ಕೆಳಗಿಳಿದೆ. ನಮ್ಮ ಮನೆಯೊಳಗೆ ಕತ್ತಲು ಕವಿಯುತ್ತಿತ್ತು. ಅತ್ತೆ ಹಜಾರದಲ್ಲಿ ಕೂತಿದ್ದರು, ಕೈಯೆಲ್ಲ ಅವರೆಕಾಳಿನ ಸಿಪ್ಪೆ. ಎದುರಿಗೆ ನೆನೆದ ಕಾಳಿನ ಪಾತ್ರೆ.

"ದೀಪ ಹಚ್ಚಮ್ಮಿ. ನನ್ ಕೈ ಒದ್ದೆ."

ಕೂದಲು ಬಿಚ್ಚಿದೀನಿ ಅನ್ನಲು ಬಾಯಿ ತೆರೆದೆ. ಕೈ ತಾನಾಗಿ ಹಿಂದಕ್ಕೆ ಹೋಯಿತು. ತುರುಬು ಗಟ್ಟಿಯಾಗಿತ್ತು.

ಅತ್ತೆ ತಲೆಯೆತ್ತಲಿಲ್ಲ, ಹಿತಕುತ್ತಲೇ ಹೇಳಿದರು. "ನನ್ಗೇನು ಗೊತ್ತಾಗಾಕಿಲ್ವಾ? ಇಷ್ಟು ದಿನ ಕೂದ್ಲು ಒಣುಗ್ತಾ ಇತ್ತಾ? ಸುಮ್ಕಿದ್ದೆ. ದ್ಯಾವ್ರ ಮ್ಯಾಲೆ ಕ್ವಾಪ ಇದ್ರೆ ಮಾಡ್ಕ. ಅವ್ನು ತಡ್ಕಂತಾನೆ. ದೀಪ ಏನ್ಮಾಡೈತೆ ನಿನ್ಗೆ? ನಿನ್ ಗಂಡ ಈಗ ಶಿಫ್ಟು ಮುಗಿಸ್ಕಂಡು ಬತ್ತಾನೆ. ಕತ್ಲಾಗೆ ಹೊಸಿಲು ಎಡವ್ತಾನೆ."

"ಕೋಪ ಇಲ್ಲ ಅತ್ತೆ. ಏನೂ ಇಲ್ಲ."

"ಏನೂ ಇಲ್ದಿದ್ರೆ ಅಂಗೇ ಹಚ್ಚು. ಅಳ್ತಾ ಹಚ್ಬೇಕು, ನಗ್ತಾ ಹಚ್ಬೇಕು ಅಂತ ಯಾರ್ ಹೇಳವ್ರೆ?"

ಕಾಲು ತೊಳೆದು ಬಂದೆ. ಗೂಡಿನ ಮುಂದೆ ಕೂತು ಬತ್ತಿ ಹೊಸೆದೆ, ಎಣ್ಣೆ ಬಿಟ್ಟೆ. ಕಡ್ಡಿ ಗೀರಿದ್ದು ಮೊದಲ ಸಲ ಹತ್ತಲಿಲ್ಲ, ಎರಡನೇ ಸಲ ಹತ್ತಿತು. ಬಗ್ಗಿದಾಗ ಒಂದು ಎಳೆ ಕೂದಲೂ ಮುಂದಕ್ಕೆ ಬೀಳಲಿಲ್ಲ. ದೀಪ ಹಚ್ಚಿ ಕೈ ಮುಗಿದೆ. ಬಾಯಿಪಾಠದ ಶ್ಲೋಕ ತಾನಾಗಿ ಬಂತು, ಹೇಳಿದೆ. ಒಳಗೆ ಏನೂ ಅಲುಗಲಿಲ್ಲ. ಗಾಳಿಗೆ ಜ್ವಾಲೆ ಬಾಗಿದಾಗ ಮಾತ್ರ ನನ್ನ ಎರಡೂ ಕೈ ಹೋಗಿ ಅದನ್ನು ಮರೆ ಮಾಡಿ ನಿಂತವು. ಅದು ನೆಟ್ಟಗಾಗುವವರೆಗೆ ಹಾಗೇ ಹಿಡಿದುಕೊಂಡಿದ್ದೆ. ಅಂಗೈ ಬೆಚ್ಚಗಾಯಿತು.

ಯಜಮಾನರು ಬಂದರು. ಹೊಸಿಲ ಆಚೆ ನಿಂತು ಒಳಗಿನ ಬೆಳಕನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಗ್ಗಿ ನಿಧಾನವಾಗಿ ಬೂಟು ಬಿಚ್ಚಿ, ಹೊರಗೆ ಗೋಡೆಗೆ ಒತ್ತಿಟ್ಟು ಬಂದರು.

"ಕಾಳು ಇನ್ನೂ ಅರ್ಧ ಐತೆ ಕಣಮ್ಮಿ," ಅಂದರು ಅತ್ತೆ, ಪಾತ್ರೆಯನ್ನು ನನ್ನ ಕಡೆ ಸರಿಸುತ್ತಾ.

ನಾನು ದೀಪದ ಬೆಳಕು ಬೀಳುವ ಕಡೆ ಕೂತು ಹಿತಕತೊಡಗಿದೆ.