ಅವರು ಉಳಿಸಿಕೊಂಡ ಮೀನು

ಪಾರ್ಶ್ವವಾಯು ಬಡಿದ ಮೇಲೆ ನನ್ನ ಗಂಡನಿಗೆ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುತ್ತಿದ್ದವರು ಅವರು. ಹನುಮಾನ್ ಘಾಟಿನ ಗಲ್ಲಿಯ ತಿರುವಿನಲ್ಲೇ ಅವರ ಮಂತ್ರದ ದನಿ ಕೇಳಿ ಜನ ನಮ್ಮ ಮನೆ ಗುರುತು ಹಿಡಿಯುತ್ತಿದ್ದರು. ಈಗ ಗಂಟಲಿನಿಂದ ಹೊರಡುವ ಒಂದು ಎಳೆದ ಸದ್ದು ಮಾತ್ರ ಉಳಿದಿತ್ತು. ಯಾತ್ರಿಕರು ಕೂರುತ್ತಿದ್ದ ಕೆಳಗಿನ ಕೋಣೆಯಲ್ಲೇ ಮಂಚ ಹಾಕಿದೆವು. ಅಲ್ಲಿ ಕಿಟಕಿಯಿಲ್ಲ. ದಿನವಿಡೀ ಸುಣ್ಣದ ಗೋಡೆ ನೋಡುತ್ತ ಮಲಗಿರುತ್ತಿದ್ದರು.

ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ, ಕಣ್ಣಿಗೆ ಏನಾದರೂ ಕೆಲಸ ಕೊಡಿ ಎಂದಳು. ಟೀವಿ ಹಾಕಿದರೆ ಅವರು ಮುಖ ತಿರುಗಿಸುತ್ತಿದ್ದರು. ನಮ್ಮೊಂದಿಗೇ ಇರುವ ಮಗಳು ಇಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಅಸ್ಸಿ ಘಾಟಿನಲ್ಲಿ ಒಂದು ಗೆಸ್ಟ್‌ಹೌಸ್ ಮುಚ್ಚುತ್ತಿದೆ, ಅಲ್ಲಿದ್ದ ಸಮುದ್ರದ ಮೀನಿನ ಅಕ್ವೇರಿಯಂ ಕೊಟ್ಟುಬಿಡುತ್ತಾರಂತೆ ಎಂಬ ಸುದ್ದಿ ತಂದವಳು ಅವಳೇ. ಮಡಿಯ ಮನೆಯಲ್ಲಿ ಮೀನೇ ಎಂದು ನಾನು ಹಿಂಜರಿದೆ. "ನೋಡೋಕಮ್ಮ, ತಿನ್ನೋಕಲ್ಲ," ಎಂದಳು.

ತೊಟ್ಟಿಯ ಜೊತೆ ಅದರಲ್ಲಿ ಉಳಿದಿದ್ದ ಒಂದೇ ಮೀನೂ ಬಂತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಕಣ್ಣು ಕೋರೈಸುವಷ್ಟು ನೀಲಿ. ಸೋನಾರ್‌ಪುರದ ಮೀನಿನ ಅಂಗಡಿಯವನು ಬಂದು ಎಲ್ಲ ಜೋಡಿಸಿಕೊಟ್ಟ. ಗಂಗೆಯ ನೀರು ಇದಕ್ಕೆ ಆಗದು, ಫಿಲ್ಟರ್ ನೀರಿಗೆ ಅಂಗಡಿಯ ಸಮುದ್ರದ ಉಪ್ಪನ್ನು ಅಳೆದು ಬೆರೆಸಬೇಕು ಎಂದು ಹೇಳಿಕೊಟ್ಟ. ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೂ ಗಂಗೆಯ ನೀರೇ ಆಗಬೇಕು. ಇದೊಂದಕ್ಕೆ ಮಾತ್ರ ನಾನು ಬಕೆಟ್ಟಿನಲ್ಲಿ ಉಪ್ಪು ಕದಡುತ್ತ ಕೂತೆ. ಒಂಟಿ ಮೀನು ಬೇಸರ ಪಡುತ್ತದೆ ಎಂದು ಮಗಳು ಇನ್ನೂ ಎರಡು ಜೋಡಿ ತಂದಳು: ಬಿಳಿ ಪಟ್ಟೆಯ ಕಿತ್ತಳೆ ಮೀನುಗಳು, ಮತ್ತೆ ಉದ್ದ ರೆಕ್ಕೆಯ, ನಿಧಾನವಾಗಿ ತೇಲುವ ಬೆಳ್ಳಿ ಬಣ್ಣದವು.

ಅವರ ಕಣ್ಣು ಓಡಾಡತೊಡಗಿತು. ಮೀನು ಹೋದ ಕಡೆ ನೋಟ ಹೋಗುತ್ತಿತ್ತು. ಮಗಳು ಅದನ್ನು ಕಂಡು ಅಡುಗೆಮನೆಗೆ ಬಂದು ಅತ್ತಳು.

ಸ್ವಲ್ಪ ದಿನಕ್ಕೆ ಮಧ್ಯಾಹ್ನದ ಹೊತ್ತು ಅವರು ಸದ್ದು ಮಾಡಲು ಶುರು ಮಾಡಿದರು. ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದರು. ಬಟ್ಟೆ ಒದ್ದೆಯಾಗಿದೆಯೋ ಎಂದು ನೋಡುತ್ತಿದ್ದೆ, ಮಗ್ಗುಲು ಬದಲಿಸುತ್ತಿದ್ದೆ, ನೀರು ಕುಡಿಸುತ್ತಿದ್ದೆ. ಯಾವುದಕ್ಕೂ ನಿಲ್ಲಲಿಲ್ಲ. ಈ ಕಾಯಿಲೆಯಲ್ಲಿ ಹೀಗೆ ಹಟ ಬರುವುದುಂಟು ಎಂದು ಡಾಕ್ಟರು ಶಾಂತವಾಗಿಡುವ ಮಾತ್ರೆ ಬರೆದರು. ಅದನ್ನು ನುಂಗಿದರೆ ಬಾಯಿಂದ ಜೊಲ್ಲು ಸೋರಿಸುತ್ತ ಬಿದ್ದಿರುತ್ತಿದ್ದರು, ಎಚ್ಚರವಾದರೆ ಮತ್ತೆ ಬಡಿತ.

ಒಂದು ದಿನ ಅವರ ದಿಂಬಿನ ಹಿಂದೆ ಜಾರಿದ ಕರವಸ್ತ್ರ ತೆಗೆಯಲು ಬಗ್ಗಿದೆ. ನನ್ನ ತಲೆ ಅವರ ತಲೆಯ ಪಕ್ಕಕ್ಕೆ ಬಂತು. ನಿಂತು ಆಹಾರ ಹಾಕುವ ನಮಗೆ ತೊಟ್ಟಿಯೊಳಗಿನ ಕಲ್ಲಿನ ಮುಂಭಾಗ ಮಾತ್ರ ಕಾಣುತ್ತಿತ್ತು. ಅಲ್ಲಿಂದ ಕಲ್ಲಿನ ಹಿಂದಿನ ಸಂದು ಕಂಡಿತು. ಬೆಳ್ಳಿ ಮೀನೊಂದು ಮೂಲೆಗೆ ಒತ್ತಿಕೊಂಡು ನಿಂತಿತ್ತು. ಅದರ ರೆಕ್ಕೆಗಳು ಚಿಂದಿಯಾಗಿದ್ದವು, ಒಂದು ಕಣ್ಣು ಬೆಳ್ಳಗಾಗಿತ್ತು. ನೀಲಿಯದು ರಭಸದಿಂದ ಬಂದು ಕಚ್ಚಿ ಹೋಗುತ್ತಿತ್ತು, ತಿರುಗಿ ಬಂದು ಕಚ್ಚುತ್ತಿತ್ತು. ಗಂಡನ ಮುಖ ನೋಡಿದೆ. ಕಣ್ಣಿಂದ ನೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ಇಷ್ಟು ದಿನವೂ ಅವರು ಇದನ್ನೇ ನೋಡುತ್ತ ಮಲಗಿದ್ದರು.

ಆ ಬೆಳ್ಳಿ ಮೀನು ಮರುದಿನ ಸತ್ತಿತು. ಮಾತ್ರೆ ನಿಲ್ಲಿಸಿದೆ.

ಅಂಗಡಿಯವನನ್ನು ಕೇಳಿದಾಗ, ನೀಲಿಯದು ಗೆಸ್ಟ್‌ಹೌಸಿನಲ್ಲಿ ಬಹಳ ಕಾಲ ಒಂಟಿಯಾಗಿದ್ದದ್ದು, ತೊಟ್ಟಿಯೆಲ್ಲ ತನ್ನದು ಎಂದುಕೊಂಡಿದೆ ಎಂದ. ಆಹಾರವನ್ನು ಎರಡು ತುದಿಗೂ ಹಾಕಿ, ಕಲ್ಲುಗಳ ಜಾಗ ಬದಲಿಸಿ, ಆಗ ಅದಕ್ಕೂ ಜಾಗ ಹೊಸದಾಗುತ್ತದೆ ಎಂದ. ಹಾಗೆ ಮಾಡಿದೆವು. ಒಂದೆರಡು ದಿನ ತೆಪ್ಪಗಿದ್ದು ಮತ್ತೆ ಶುರು ಮಾಡಿತು. ಹಾಗಾದರೆ ಗಾಜಿನ ಹೊರಗೆ ಕನ್ನಡಿ ಅಂಟಿಸಿ, ತನ್ನ ಬಿಂಬದ ಮೇಲೆ ಸಿಟ್ಟು ತೀರಿಸಿಕೊಂಡು ಉಳಿದವನ್ನು ಬಿಡುತ್ತದೆ ಎಂದ.

ಮಗಳು ತೊಟ್ಟಿಯ ದೂರದ ಬದಿಗೆ ಕನ್ನಡಿ ಅಂಟಿಸಿದಳು. ಮೀನು ಕನ್ನಡಿಗೆ ಹಾಯತೊಡಗಿತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ಹಿಂದಿನಿಂದ ಸದ್ದೇ ಇಲ್ಲ ಎಂದು ತಿರುಗಿದರೆ ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ದಿಂಬಿನ ಪಕ್ಕ ಬಗ್ಗಿ ನೋಡಿದೆ. ನೀರಿನಾಚೆ, ಮೀನುಗಳ ನಡುವೆ, ಅವರ ಜೋತುಬಿದ್ದ ಕೆನ್ನೆ, ಸೊಟ್ಟ ಬಾಯಿ. ಕಾಯಿಲೆ ಬಿದ್ದ ಮೇಲೆ ಅವರು ತಮ್ಮ ಮುಖ ನೋಡಿರಲಿಲ್ಲ. ಕನ್ನಡಿ ಕಿತ್ತೆವು. ಅವರು ಆ ದಿನ ಅನ್ನಕ್ಕೆ ಬಾಯಿ ತೆರೆಯಲಿಲ್ಲ.

ಉಳಿದ ದಾರಿ ಎಂದರೆ ನೀಲಿಯದನ್ನು ಹಿಡಿದು ತೂತಿನ ಡಬ್ಬಿಯಲ್ಲಿ ಬೇರೆ ಇಡುವುದು. ಸಂದಿನಿಂದ ಸಂದಿಗೆ ನುಗ್ಗುವ ಆ ಮೀನನ್ನು ಹಿಡಿಯಲು ಅರ್ಧ ನೀರು ಖಾಲಿ ಮಾಡಿ, ಕಲ್ಲನ್ನೆಲ್ಲ ಹೊರಗೆ ತೆಗೆಯಬೇಕಾಯಿತು. ಮೊಳಕೈವರೆಗೂ ಉಪ್ಪುನೀರು, ಬೆರಳೆಲ್ಲ ಗೀರು. ಡಬ್ಬಿಯನ್ನು ತೊಟ್ಟಿಯೊಳಗೇ ತೂಗುಹಾಕಿದೆವು. ಅದು ಒಳಗಿರುವಷ್ಟು ದಿನ ಉಳಿದವು ಧೈರ್ಯವಾಗಿ ತಿಂದವು. ಹೊರಗೆ ಬಿಟ್ಟ ದಿನವೇ ಕಿತ್ತಳೆ ಮೀನೊಂದರ ಬಾಲ ಹರಿಯಿತು.

"ಯೇ ಸಾಥ್ ರಹನೇವಾಲಾ ಜೀವ್ ನಹೀ ಹೈ, ಮಾತಾಜಿ," ಎಂದ ಅಂಗಡಿಯವನು. ಜೊತೆಗೆ ಬಾಳುವ ಜೀವ ಅಲ್ಲ, ತಂದುಕೊಡಿ, ನಾನಿಟ್ಟುಕೊಳ್ಳುತ್ತೇನೆ ಎಂದ.

ಮಗಳು ಮತ್ತೆ ಅದನ್ನು ಹಿಡಿದು ನೀರಿನ ಕವರಿಗೆ ಹಾಕಿ ಗಂಟು ಕಟ್ಟಿದಳು. ಮಂಚದ ಪಕ್ಕ ಹಾದುಹೋಗುವಾಗ ಅವಳ ದುಪಟ್ಟಾ ಹಿಂದಕ್ಕೆ ಎಳೆದಂತಾಯಿತು. ಅವರು ಎಡಗೈಯಲ್ಲಿ ಹಿಡಿದಿದ್ದರು.

"ಅಪ್ಪ, ಇದು ಎಲ್ಲವನ್ನೂ ಕೊಲ್ತಿದೆ. ಇದನ್ನೇ ಇಟ್ಕೋಬೇಕಾ?"

ಹೌದು ಎನ್ನಲು ಅವರು ಒಮ್ಮೆ ಕಣ್ಣು ಮುಚ್ಚಿ ತೆಗೆಯುತ್ತಿದ್ದರು. ಹಾಗೆ ಮಾಡಿದರು.

"ಉಳಿದವನ್ನ ಕೊಟ್ಬಿಡ್ಲಾ?"

ಮತ್ತೆ ಹೌದು. ಅವಳಿಗೆ ಸಿಟ್ಟು ಬಂತು. ಆ ಬಡಪಾಯಿ ಮೀನುಗಳಿಗಾಗಿ ಅತ್ತವರೂ ಅಪ್ಪನೇ, ಈಗ ಕಚ್ಚುವುದನ್ನು ಉಳಿಸಿಕೊಳ್ಳುವವರೂ ಅಪ್ಪನೇ ಎಂದು ನನ್ನ ಹತ್ತಿರ ಹಿಂದಿಯಲ್ಲಿ ಗೊಣಗಿದಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಉಳಿದ ಮೂರನ್ನೂ ಸಂಜೆಗೆ ಅಂಗಡಿಗೆ ಮುಟ್ಟಿಸಿ ಬಂದಳು.

ಯಾಕೆ ಎಂದು ಅವರು ಹೇಳುವಂತಿರಲಿಲ್ಲ. ನಾನು ಊಹಿಸಿ ಊಹಿಸಿ ಸೋತಿದ್ದೇನೆ. ಮಂಚವನ್ನು ಗಾಜಿಗೆ ತಾಗಿಸಿ ಹಾಕಿದೆವು. ಅವರು ಎಡಗೈಯ ಬೆರಳನ್ನು ಗಾಜಿನ ಮೇಲೆ ಇಟ್ಟರೆ ಮೀನು ಬಂದು ಆ ಬೆರಳಿಗೆ ಹಾಯುತ್ತಿತ್ತು. ಬೆರಳು ಸರಿಸಿದರೆ ಅಲ್ಲಿಗೂ ಬರುತ್ತಿತ್ತು. ಮಂಚ ಬಡಿಯುವುದು ನಿಂತಿತು. ಚಳಿಗಾಲದವರೆಗೂ ಹೀಗೇ ನಡೆಯಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಇಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಗಂಜಿ ಆರಿಸುತ್ತಿದ್ದಾಗಲೇ ಹೋದರು.

ಕರ್ಮಕ್ಕೆ ಬಂದ ನೆಂಟರು ಮೀನನ್ನು ಗಂಗೆಗೆ ಬಿಟ್ಟುಬಿಡು, ಹೋದವನಿಗೆ ಪುಣ್ಯ ಬರುತ್ತದೆ ಎಂದರು. ಇದು ಉಪ್ಪುನೀರಿನ ಜೀವ, ಗಂಗೆಗೆ ಬಿಟ್ಟರೆ ಸಾಯುತ್ತದೆ ಎಂದು ಒಬ್ಬೊಬ್ಬರಿಗೂ ಹೇಳಿದೆ. ಒಬ್ಬರು ನಂಬಲಿಲ್ಲ, ಗಂಗೆಯಲ್ಲಿ ಸಾಯುವುದು ಯಾವುದಿದೆ ಎಂದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು, ಆ ತೊಟ್ಟಿ ನೋಡೋಕಾಗಲ್ಲಮ್ಮ ಎಂದಳು. ಮೀನನ್ನು ಕವರಿನಲ್ಲಿಟ್ಟು, ಇ-ರಿಕ್ಷಾ ಹಿಡಿದು ನಾನೇ ಸೋನಾರ್‌ಪುರಕ್ಕೆ ಒಯ್ದೆ. ವಯಸ್ಸಾಗಿದೆ, ಇದನ್ನು ಯಾರೂ ಕೊಳ್ಳುವುದಿಲ್ಲ ಎನ್ನುತ್ತ ಅಂಗಡಿಯವನು ಖಾಲಿ ತೊಟ್ಟಿಯೊಂದಕ್ಕೆ ಬಿಟ್ಟ. ಅದು ಪೈಪಿನ ಹಿಂದೆ ಸರಿದು ನಿಂತಿತು.

ಮನೆಗೆ ಬಂದಾಗ ಬಾಗಿಲಲ್ಲಿ ದಾವಣಗೆರೆ ಕಡೆಯ ಗಂಡ ಹೆಂಡತಿ ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಅಪ್ಪನ ಶ್ರಾದ್ಧ ಮಾಡಿಸಬೇಕಿತ್ತು, ಶಾಸ್ತ್ರಿಗಳು ಒಳಗಿದ್ದಾರಾ ಎಂದು ಕೇಳಿದರು. ಅವರಿಗೆ ಕುಡಿಯಲು ನೀರು ಕೊಟ್ಟು, ಗಲ್ಲಿಯ ಕೊನೆಯಲ್ಲಿರುವ ಇನ್ನೊಬ್ಬ ಪುರೋಹಿತರ ಮನೆ ತೋರಿಸಿ ಬಂದೆ.