ಮಿಷನ್ ದೊಡ್ಡಮ್ಮ ಮಾಡಿದ ಫೋನು

ಕಳೆದ ತಿಂಗಳು ತರೀಕೆರೆಯಿಂದ ಕಡೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಒಂದು ಬಟ್ಟೆಯ ಚೀಲವಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಅದು ನನ್ನ ಮೊಣಕೈಗೆ ತಾಗಿತು. ಬಿಸಿಯಾಗಿತ್ತು. ಆಗಷ್ಟೇ ಬೀಸಿಸಿಕೊಂಡು ಬಂದಿದ್ದ ರಾಗಿ ಹಿಟ್ಟು. ಸ್ವಲ್ಪ ಹುರಿದಂತೆ, ಸ್ವಲ್ಪ ಮಣ್ಣಿನಂತೆ ಇರುವ ಆ ವಾಸನೆ ಬಸ್ಸಿನ ಡೀಸೆಲ್ಲಿನ ನಡುವೆಯೂ ಬೇರೆಯಾಗಿ ಬಂತು. ಬೀರೂರು ದಾಟಿದ್ದು ನನಗೆ ತಿಳಿಯಲಿಲ್ಲ. ನಾನು ಅಜ್ಜಂಪುರದ ನಮ್ಮ ಬೀದಿಯಲ್ಲಿದ್ದೆ, ಹಿಟ್ಟಿನ ಮಿಷನ್ನಿನ ಬಾಗಿಲಲ್ಲಿ, ಹತ್ತನೇ ತರಗತಿಯಲ್ಲಿ…

ಅವರನ್ನು ನಾವೆಲ್ಲ ಮಿಷನ್ ದೊಡ್ಡಮ್ಮ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಮಿಷನ್ನನ್ನು ಅವರೊಬ್ಬರೇ ನಡೆಸುತ್ತಿದ್ದರು. ಮುಂದೆ ಮಿಷನ್, ಹಿಂದೆ ಒಂದು ಕೋಣೆ, ಅದೇ ಮನೆ. ರೆಪ್ಪೆಗಳ ಮೇಲೆ ಸದಾ ಹಿಟ್ಟಿರುತ್ತಿತ್ತು. ಅದರಿಂದಾಗಿ ಅವರ ವಯಸ್ಸು ನನಗೆ ಯಾವತ್ತೂ ಸರಿಯಾಗಿ ಅಂದಾಜಾಗಲಿಲ್ಲ.

ಒಳಗೆ ಮಿಷನ್ ಓಡುತ್ತಿದ್ದರೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲವೂ ಬೆರಳಲ್ಲೇ ನಡೆಯುತ್ತಿತ್ತು. ಎಷ್ಟು ಸೇರು ಎಂಬುದಕ್ಕೆ ಅಷ್ಟು ಬೆರಳು. ನುಣ್ಣಗೆ ಬೇಕಿದ್ದರೆ ಮುಷ್ಟಿ, ತರಿ ಬೇಕಿದ್ದರೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ತೋರಿಸಬೇಕು. ಮಾತು ಕಡಿಮೆಯಿದ್ದ ನನಗೆ ಊರಿನಲ್ಲಿ ಅಷ್ಟು ಹಿತವಾದ ಜಾಗ ಇನ್ನೊಂದಿರಲಿಲ್ಲ. ರಾಗಿ ಇಲ್ಲದಿದ್ದರೂ ಸಂಜೆ ಅಲ್ಲಿ ಹೋಗಿ ನಿಲ್ಲುತ್ತಿದ್ದೆ.

ಗೋಡೆಯ ಹಲಗೆಯ ಮೇಲೆ ಒಂದು ಪುಟ್ಟ ಟೀವಿ ಇತ್ತು. ಎಂಟು ಗಂಟೆಗೆ ಕ್ವಿಜ್ ಬರುವ ಮೊದಲು ದೊಡ್ಡಮ್ಮ ಸೆರಗಿನಿಂದ ಅದರ ಗಾಜಿನ ಹಿಟ್ಟು ಒರೆಸುತ್ತಿದ್ದರು. ಧಾರಾವಾಹಿ ಯಾಕೆ ನೋಡುವುದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಅತ್ರೆ ಯಾಕೆ ಅತ್ರು ಅಂತ ಕೇಳಿಸ್ಬೇಕಲ್ಲ ಮಗಾ. ಇದಾದ್ರೆ ಪ್ರಶ್ನೇನೂ ಬರ್ದಿರ್ತಾರೆ, ಉತ್ರನೂ ಬರ್ದಿರ್ತಾರೆ" ಎಂದಿದ್ದರು. ಮಿಷನ್ ನಿಲ್ಲಿಸದೆ ನೋಡಬಹುದಾದ ಕಾರ್ಯಕ್ರಮ ಅದೊಂದೇ. ಪರದೆಯ ಮೇಲೆ ಪ್ರಶ್ನೆ ಮೂಡುತ್ತಿದ್ದಂತೆ ಒಂದು ಕೈಯಲ್ಲಿ ರಾಗಿ ಸುರಿಯುತ್ತಲೇ ಇನ್ನೊಂದು ಕೈಯೆತ್ತಿ ಉತ್ತರದ ಸಂಖ್ಯೆ ತೋರಿಸುತ್ತಿದ್ದರು. ನಾನು ಬಾಗಿಲಿನಿಂದ ನನ್ನ ಬೆರಳು ತೋರಿಸುತ್ತಿದ್ದೆ. ಉತ್ತರ ಗೊತ್ತಿಲ್ಲದಿದ್ದರೆ ಹತ್ತಿರ ಹೋಗಿ ಕಿವಿಯಲ್ಲಿ ಗೊತ್ತಿಲ್ಲ ಎಂದು ಕೂಗಿ ಹೇಳಬೇಕಿತ್ತು. ಅದಕ್ಕೆ ನಮ್ಮಲ್ಲಿ ಬೆರಳಿರಲಿಲ್ಲ.

ರಾಜರು, ನದಿಗಳು, ಪುರಾಣ, ರಾಜಧಾನಿಗಳು ಅವರ ಪಾಲಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟು ಓದು ನಿಂತಿದ್ದರೂ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದರು, ಓದಿದ್ದನ್ನು ಮರೆಯುತ್ತಿರಲಿಲ್ಲ. ವಿಜ್ಞಾನ ಮಾತ್ರ ನನ್ನ ಪಾಲಿಗೆ. ಕೆಲವೊಮ್ಮೆ ಟೀವಿಯ ಗುಂಗಿನಲ್ಲಿ ಒಬ್ಬರ ಗೋಧಿಗೆ ಇನ್ನೊಬ್ಬರ ರಾಗಿ ಸೇರುತ್ತಿತ್ತು. ಆ ಮನೆಯ ಚಪಾತಿ ಮರುದಿನ ಕಪ್ಪಗೆ ಬಂದಾಗ ಬೀದಿಗೆಲ್ಲ ವಿಷಯ ತಿಳಿಯುತ್ತಿತ್ತು.

ಆ ವರ್ಷ ಮೋಟರು ಎರಡು ಸಲ ಸುಟ್ಟುಹೋಯಿತು. ವೈಂಡಿಂಗ್ ಮಾಡಿಕೊಟ್ಟ ಮೇಸ್ತ್ರಿ, ಇನ್ನೊಮ್ಮೆ ಸುಟ್ಟುಹೋದರೆ ತನ್ನ ಹತ್ತಿರ ತರಬೇಡಿ ಎಂದು ಹೇಳಿಹೋದ. ದೊಡ್ಡಮ್ಮನ ತಮ್ಮ ಪಂಚನಹಳ್ಳಿಯಿಂದ ಬಂದು ಬಾಗಿಲಲ್ಲೇ ನಿಂತು ಮಾತಾಡಿದರು. "ಮುಚ್ಬಿಟ್ಟು ನಮ್ಮನೇಗೆ ಬಂದ್ಬಿಡಕ್ಕ. ಎರಡು ಹೊತ್ತು ಊಟಕ್ಕೇನು ಬರ."

"ಊಟಕ್ಕೆ ಬರ ಅಂತ ಯಾರಪ್ಪಾ ಅಂದ್ರು? ನಿಮ್ಮನೇಲಿ ಕೂತು ನಾನು ಏನ್ ಮಾಡ್ಲಿ ಹೇಳು" ಎಂದರು ದೊಡ್ಡಮ್ಮ. ತಮ್ಮ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರು ಹೋದ ಮೇಲೆ ದೊಡ್ಡಮ್ಮ ನನ್ನನ್ನು ಕರೆದು, ಕ್ವಿಜ್ಜಿಗೆ ಜನರನ್ನು ಆರಿಸಲು ಟೀವಿಯಲ್ಲಿ ದಿನಾ ಕೇಳುವ ಪ್ರಶ್ನೆಗೆ ಮೊಬೈಲಿನಿಂದ ಉತ್ತರ ಕಳಿಸುವುದು ಹೇಗೆಂದು ಕೇಳಿದರು. ಅಂದಿನಿಂದ ಅದು ಆಟವಾಗಿ ಉಳಿಯಲಿಲ್ಲ. ಹೊಸ ಮೋಟರಿಗೆ ಅವರಿಗೆ ಕಾಣುತ್ತಿದ್ದ ದಾರಿ ಅದೊಂದೇ.

ನಾಲ್ಕು ತಿಂಗಳ ಮೇಲೆ ಬೆಂಗಳೂರಿನಿಂದ ಕರೆ ಬಂತು. ಒಂದು ಪರೀಕ್ಷೆ, ಒಂದು ಸಂದರ್ಶನ, ಎರಡರಲ್ಲೂ ಪಾಸಾದರು. ನಿವೃತ್ತ ಕಂಡಕ್ಟರೊಬ್ಬರು ಎದುರು ಮನೆಯ ಜಗುಲಿಯಿಂದ ಕೇಳಿದರು, "ಏನಮ್ಮಾ, ಕೋಟಿ ಬಂದ್ಮೇಲೆ ನಮ್ ರಾಗಿ ಬೀಸ್ತೀಯೋ ಇಲ್ವೋ?"

"ಎಲ್ರುದೂ ಬೀಸ್ತೀನಿ ಕಣ್ರೀ. ನಿಮ್ದು ಮಾತ್ರ ಆಗಲ್ಲ. ನಿಮ್ ರಾಗೀಲಿ ರಾಗಿಗಿಂತ ಕಲ್ಲೇ ಜಾಸ್ತಿ."

ಆಟದ ಮಧ್ಯೆ ಉತ್ತರ ತೋಚದಿದ್ದರೆ ಒಮ್ಮೆ ಪರಿಚಯದವರಿಗೆ ಫೋನ್ ಮಾಡಬಹುದಿತ್ತು, ಅರ್ಧ ನಿಮಿಷ. ಆ ಜಾಗಕ್ಕೆ ದೊಡ್ಡಮ್ಮ ನನ್ನ ಹೆಸರು ಕೊಟ್ಟರು. ಮನೆಯವರ ಒಪ್ಪಿಗೆ ಬೇಕೆಂದಾಗ ಅಪ್ಪ ಸಹಿ ಹಾಕಿಕೊಟ್ಟರು. ಊರಿನಲ್ಲಿ ಮೇಷ್ಟರುಗಳಿದ್ದರು, ಕಾಲೇಜು ಓದಿದವರಿದ್ದರು. ಆದರೂ ನನ್ನನ್ನೇ ಆರಿಸಿದ್ದು ಯಾಕೆಂದು ಅಮ್ಮ ಕೇಳಿದ್ದಕ್ಕೆ, "ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತಾಳೆ. ಮೇಷ್ಟ್ರುಗಳು ಹಂಗನ್ನಲ್ಲ" ಎಂದರಂತೆ.

ಚಿತ್ರೀಕರಣದ ದಿನ ಮಧ್ಯಾಹ್ನದಿಂದ ನಾನು ಅಪ್ಪನ ಮೊಬೈಲಿನ ಮುಂದೆ ಕೂತಿದ್ದೆ. ನಾಲ್ಕು ಗಂಟೆಯ ಸುಮಾರಿಗೆ ಅದು ಹೊಡೆದುಕೊಂಡಿತು. ಮೊದಲು ಯಾರೋ ಗಂಡಸಿನ ದನಿ, ಆಮೇಲೆ ದೊಡ್ಡಮ್ಮನ ದನಿ. ಮಿಷನ್ನಿನ ಸದ್ದಿಲ್ಲದ ಅವರ ದನಿ ಅಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

"ಹುಡ್ಗೀ, ಕೇಳಿಸ್ಕೋ. ಸೂರ್ಯನ್ನ ಒಂದ್ಸಲ ಸುತ್ತೋದಕ್ಕಿಂತ ತನ್ನ ಸುತ್ತ ತಾನು ಒಂದ್ಸಲ ತಿರುಗೋಕೇ ಜಾಸ್ತಿ ದಿನ ತಗೊಳ್ಳೋ ಗ್ರಹ ಯಾವ್ದು? ಒಂದು ಬುಧ, ಎರಡು ಮಂಗಳ, ಮೂರು ಶುಕ್ರ, ನಾಲ್ಕು ಶನಿ."

ಅವರು ಶುಕ್ರ ಎನ್ನುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ನಾನು ಎದ್ದು ನಿಂತೆ, ಬಲಗೈ ಎತ್ತಿದೆ, ಮೂರು ಬೆರಳು ತೋರಿಸಿದೆ.

ಇದನ್ನು ಬರೆಯುವಾಗ ನಗು ಬರುತ್ತದೆ. ಆವತ್ತು ನಾನು ಕೈಯನ್ನು ಇನ್ನೂ ಮೇಲಕ್ಕೆ ಎತ್ತಿದೆ, ಅವರಿಗೆ ಕಾಣಲಿ ಎಂಬಂತೆ. ಮೊಬೈಲಿನಿಂದ "ಹುಡ್ಗೀ… ಇದೀಯಾ?" ಎಂದು ಕೇಳಿತು. "ಬಾಯ್ಬಿಟ್ಟು ಹೇಳೇ" ಎಂದು ಅಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅರ್ಧ ನಿಮಿಷ ಮುಗಿದು ಕರೆ ಕಡಿದುಹೋಗಿತ್ತು. ಕೈ ಇನ್ನೂ ಮೇಲೇ ಇತ್ತು.

ಎರಡು ದಿನ ಬಿಟ್ಟು ದೊಡ್ಡಮ್ಮ ರೈಲಿನಲ್ಲಿ ಹಿಂದಿರುಗಿದರು. ಏನಾಯಿತು ಎಂದು ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಕಾರ್ಯಕ್ರಮ ಟೀವಿಯಲ್ಲಿ ಬರುವವರೆಗೆ ಹೇಳಬಾರದೆಂದು ಬರೆಸಿಕೊಂಡಿದ್ದರಂತೆ. ಅದು ನನಗೆ ಆಮೇಲೆ ತಿಳಿದದ್ದು. ಆಗ ಆ ಮೌನ ನನ್ನ ಮೇಲಿನ ಸಿಟ್ಟು ಎಂದೇ ಅಂದುಕೊಂಡಿದ್ದೆ. ಮಿಷನ್ ಮುಚ್ಚುತ್ತದೆ, ಅವರು ಪಂಚನಹಳ್ಳಿಗೆ ಹೋಗುತ್ತಾರೆ, ಅದಕ್ಕೆ ನಾನೇ ಕಾರಣ. ಇದನ್ನು ಯಾರಿಗೂ ಹೇಳದೆ ಐದು ವಾರ ಕಳೆದೆ. ಅಮ್ಮ ರಾಗಿ ಕೊಟ್ಟು ಕಳಿಸಿದರೆ ಬೀದಿ ಬಳಸಿ ಸಂತೆ ಮೈದಾನದ ಆಚೆಯ ಮಿಷನ್ನಿಗೆ ಹೋಗುತ್ತಿದ್ದೆ. "ಇದ್ಯಾವ ಮಿಷನ್ ಹಿಟ್ಟೇ, ಮುದ್ದೆ ಬಿರುಕು ಬಿಡ್ತಾ ಇದೆ" ಎಂದು ಅಪ್ಪ ಕೇಳಿದಾಗ ಸಾರಿನ ಪಾತ್ರೆಯನ್ನು ಅವರ ಕಡೆ ಸರಿಸಿದೆ.

ಕಾರ್ಯಕ್ರಮ ಬರುವ ದಿನ ಬೀದಿಯವರೆಲ್ಲ ಮಿಷನ್ನಿನಲ್ಲಿ ಸೇರಿದ್ದರು. ಅಮ್ಮ ನನ್ನನ್ನು ಎಳೆದುಕೊಂಡೇ ಹೋದರು. ಎಂಟು ಗಂಟೆಗೆ ಮಿಷನ್ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೀವಿಯ ಸದ್ದು ವಿಚಿತ್ರವೆನಿಸಿತು. ನಾನು ಎಲ್ಲರ ಹಿಂದೆ, ಖಾಲಿ ಚೀಲಗಳ ರಾಶಿಯ ಪಕ್ಕ ನಿಂತೆ. ಪರದೆಯ ಮೇಲೆ ದೊಡ್ಡಮ್ಮ ಹಸಿರು ಸೀರೆ ಉಟ್ಟು, ಹಿಟ್ಟಿಲ್ಲದ ಮುಖದಲ್ಲಿ ಬೇರೆ ಯಾರೋ ಎಂಬಂತೆ ಕೂತಿದ್ದರು. ಒಂದೊಂದೇ ಪ್ರಶ್ನೆ ದಾಟಿದರು. ಕಂಡಕ್ಟರು ಪ್ರತಿ ಉತ್ತರಕ್ಕೂ "ಇದು ನಂಗೂ ಗೊತ್ತಿತ್ತು" ಎನ್ನುತ್ತಿದ್ದರು. ಆಮೇಲೆ ಗ್ರಹದ ಪ್ರಶ್ನೆ ಬಂತು. ಫೋನು. ನನ್ನ ಮೌನ. ನಾನು ನೆಲ ನೋಡಿದೆ.

ನಡೆಸಿಕೊಡುವವರು ಕೇಳಿದರು, "ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತೆ. ಈಗೇನು ಮಾಡ್ತೀರಿ ಅಮ್ಮ?"

"ಅವಳಿಗೆ ಗೊತ್ತು ಸಾರ್" ಎಂದರು ದೊಡ್ಡಮ್ಮ. "ಗೊತ್ತಿಲ್ದೆ ಇದ್ರೆ ಬಾಯ್ಬಿಟ್ಟು ಹೇಳ್ತಿದ್ಲು. ಈಗ ಅಲ್ಲಿ ಬೆರಳು ತೋರಿಸ್ಕೊಂಡು ನಿಂತಿರ್ತಾಳೆ. ಎಷ್ಟು ಬೆರಳು ಅಂತ ನಂಗೆ ಕಾಣ್ತಿಲ್ಲ, ಅಷ್ಟೆ."

ಟೀವಿಯೊಳಗಿನವರು ನಕ್ಕರು. ಮಿಷನ್ನಿನೊಳಗೆ ಯಾರೂ ನಗಲಿಲ್ಲ. ಎಲ್ಲರೂ ಹಿಂದಿರುಗಿ ನನ್ನನ್ನು ನೋಡಿದರು. ಪರದೆಯ ದೊಡ್ಡಮ್ಮ ಊಹೆಯ ಮೇಲೆ ಆಡಲಿಲ್ಲ. ಬಂದಷ್ಟು ಸಾಕು ಎಂದು ಕೈಮುಗಿದು ಎದ್ದರು. ಆಮೇಲೆ ಪರದೆಯ ಮೇಲೆ ಸರಿಯುತ್ತರ ಮೂರನೆಯದು ಎಂದು ಮೂಡಿತು.

ಆಗ ಟೀವಿಯ ಪಕ್ಕ ನಿಂತಿದ್ದ ನಿಜವಾದ ದೊಡ್ಡಮ್ಮ, ಅಷ್ಟು ಜನರ ತಲೆಗಳ ಮೇಲಿಂದ ನನ್ನ ಕಡೆ ಅಂಗೈ ತಿರುಗಿಸಿದರು. ಎಷ್ಟು ಸೇರು ಎಂದು ಕೇಳುವ ಹಾಗೆ. ನಾನು ಮೂರು ಬೆರಳೆತ್ತಿದೆ. ಅವರು ತಲೆಯಾಡಿಸಿದರು. ಗೊತ್ತಿದ್ದದ್ದೇ ಎಂಬಂತೆ.

ಬಂದ ಹಣ ಹೊಸ ಮೋಟರಿಗೆ ಸಾಲಲಿಲ್ಲ. ಆ ಒಂದು ಪ್ರಶ್ನೆ ದಾಟಿದ್ದರೆ ಸಾಲುತ್ತಿತ್ತು. ಶಿವಮೊಗ್ಗದಿಂದ ಯಾರೋ ಬಳಸಿ ಬಿಟ್ಟಿದ್ದ, ಆದರೆ ಗಟ್ಟಿಯಾದ ಒಂದು ಮೋಟರು ಬಂತು. ಅದನ್ನು ಕೂರಿಸಿದ ದಿನ ನಾನು ಹೋಗಿ ಕ್ಷಮೆ ಕೇಳಲು ಪದಗಳನ್ನು ಜೋಡಿಸುತ್ತಿರುವಾಗ ಅವರು ನನ್ನ ಕೈಗೆ ಒಂದು ಸಾಮಾನ್ಯ ಜ್ಞಾನದ ಪುಸ್ತಕ ಕೊಟ್ಟರು. "ಬಾಗ್ಲಲ್ಲಿ ನಿಂತ್ಕೊಂಡು ಪ್ರಶ್ನೆ ಕೇಳು. ಮಿಷನ್ ಓಡ್ತಾ ಇರ್ತದೆ. ನಂಗೆ ಕೇಳಿಸೋವರ್ಗೂ ನಾನು ಉತ್ರ ಹೇಳಲ್ಲ. ಎಲ್ರಿಗೂ ನಿನ್ ಬೆರಳು ಕಾಣಲ್ಲ ಕಣೇ."

ಮೊದಲ ದಿನ ಒಂದೇ ಪ್ರಶ್ನೆ ಅವರನ್ನು ತಲುಪಿತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಎದುರು ಮನೆಯ ಕಂಡಕ್ಟರು ಜಗುಲಿಯಿಂದಲೇ ಉತ್ತರ ಕೂಗುತ್ತಿದ್ದರು, ಬಹುಪಾಲು ತಪ್ಪು.

ನಾನು ಎಂ.ಎಸ್ಸಿ. ಮುಗಿಸಿ, ಕಡೂರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರುವ ಹೊತ್ತಿಗೆ ದೊಡ್ಡಮ್ಮನ ಕಿವಿ ಬಹುತೇಕ ಹೋಗಿತ್ತು. ಅಷ್ಟು ವರ್ಷದ ಸದ್ದು ಎಂದು ಡಾಕ್ಟರು ಹೇಳಿದರಂತೆ. ನಾನು ಎಷ್ಟು ಜೋರಾಗಿ ಮಾತಾಡಿದರೂ ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆದರೂ ಮಿಷನ್ ಓಡುತ್ತಿತ್ತು. ಪಂಚನಹಳ್ಳಿಯ ತಮ್ಮನ ಮಗಳು ಕಾಲೇಜಿಗೆಂದು ಅಜ್ಜಂಪುರಕ್ಕೆ ಬಂದು ಅವರ ಜೊತೆಗೇ ಇದ್ದಳು. ಎರಡು ವರ್ಷದ ಹಿಂದೆ, ಮೂರು ದಿನದ ಜ್ವರದಲ್ಲಿ ಅವರು ಹೋದರು, ಹಿಂದಿನ ಕೋಣೆಯಲ್ಲಿ, ಅವರ ಮಂಚದ ಮೇಲೇ. ನಾನು ಆಗ ಪರೀಕ್ಷೆಯ ಕೆಲಸದಲ್ಲಿದ್ದೆ. ಮಣ್ಣಿಗೂ ಹೋಗಲಾಗಲಿಲ್ಲ…

ಬಸ್ಸಿನ ಆ ಪ್ರಯಾಣದ ಮರುವಾರ ಅಮ್ಮನನ್ನು ನೋಡಲು ಹೋದಾಗ ಮಿಷನ್ನಿಗೂ ಹೋದೆ. ತಮ್ಮನ ಮಗಳು ಈಗ ಅದನ್ನು ನಡೆಸುತ್ತಾಳೆ. ಬಿ.ಕಾಂ. ಆಗಿದೆ. ಪಂಚನಹಳ್ಳಿಗೆ ಹಿಂದಿರುಗುವ ಯೋಚನೆ ಇಲ್ಲವಂತೆ. ಕರೆಂಟು ಹೋಗಿದ್ದರಿಂದ ಮಿಷನ್ ನಿಂತಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಅವಳು ಕೇಳಿದಳು, "ಅಕ್ಕ, ಅತ್ತೆ ಆವತ್ತು ಪೂರ್ತಿ ಗೆದ್ದಿದ್ರೆ ಏನ್ ಮಾಡ್ತಿದ್ರು? ನಂಗೆ ಒಂದಿನಾನೂ ಹೇಳ್ಲಿಲ್ಲ."

ನನಗೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

"ಇದನ್ನೇ ಮಾಡ್ತಿದ್ರು" ಎಂದೆ. "ಮಿಷನ್ ನಡೆಸ್ತಿದ್ರು. ನಿನ್ನನ್ನ ಕರ್ಕೊಂಡು ಬಂದು ಓದಿಸ್ತಿದ್ರು."

ಅವಳು ಹೌದೆಂಬಂತೆ ತಲೆಯಾಡಿಸಿ ಒಳಗೆ ಹೋದಳು. ಗೊತ್ತಿಲ್ಲ ಎನ್ನಬೇಕಾದಲ್ಲಿ, ಖಾತ್ರಿಯಿಲ್ಲದೆ ನಾನು ಕೊಟ್ಟ ಉತ್ತರ ಅದು. ಸರಿಯೋ ತಪ್ಪೋ ಹೇಳಬಲ್ಲವರು ಈಗ ಇಲ್ಲ.